ಅವ್ವ ತಟ್ಟುವ ಬ್ಯಾರಲ್

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಮನುಷ್ಯರಿಗಿಂತ ಬ್ಯಾರಲ್‌ಗಳ ಪರಿಚಯ ಹೆಚ್ಚು. ಊಟಿಯಿಂದ ಸ್ವಲ್ಪ ಕೆಳಗೆ ಒಂದು ಟೀ ಫ್ಯಾಕ್ಟರಿಯಲ್ಲಿ ನಾನು ಸ್ಟೋರ್ ಕೀಪರ್. ಡೀಸೆಲ್ಲಿನ ಬ್ಯಾರಲ್, ಗ್ರೀಸಿನ ಬ್ಯಾರಲ್, ಇಂಜಿನ್ ಆಯಿಲ್ ಬ್ಯಾರಲ್ ಇವುಗಳ ಮಧ್ಯೆಯೇ ನನ್ನ ತಲೆಗೂದಲು ಉದುರಿದ್ದು, ಹೊಟ್ಟೆಯೂ ಅವುಗಳ ಆಕಾರಕ್ಕೆ ಬಂದದ್ದು. ನಿಘಂಟಿನಲ್ಲಿ ಇದಕ್ಕೆ ಪೀಪಾಯಿ ಎಂಬ ಚಂದದ ಹೆಸರಿದೆ. ಆದರೆ ನಮ್ಮ ಬೆಟ್ಟದಲ್ಲಿ ಪೀಪಾಯಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಬಡಗರು, ತಮಿಳರು, ಮಲಯಾಳಿಗಳು, ನಮ್ಮಂಥ ಗುಂಡ್ಲುಪೇಟೆ ಮೂಲದವರು ಎಲ್ಲರೂ ಜಗಳವಿಲ್ಲದೆ ಒಪ್ಪಿಕೊಂಡಿರುವ ಕೆಲವೇ ಪದಗಳಲ್ಲಿ ಬ್ಯಾರಲ್ ಒಂದು.

ಬಂದೂಕಿಗೂ ಬ್ಯಾರಲ್ ಇದೆ, ಪೆನ್ನಿಗೂ ಇದೆ, ಪ್ರವಾಸಿಗರು ಕುತ್ತಿಗೆಗೆ ನೇತುಹಾಕಿಕೊಂಡು ಬರುವ ಕ್ಯಾಮೆರಾಕ್ಕೂ ಇದೆಯಂತೆ. ಅವು ದೊಡ್ಡವರ ವಿಷಯ. ನಾನು ಹೇಳುವುದು ಹೊಟ್ಟೆಯಿರುವ ಬ್ಯಾರಲ್ ಬಗ್ಗೆ. ಅದನ್ನು ಉದ್ದಕ್ಕೆ ಸೀಳಿದರೆ ಮದುವೆಮನೆಯಲ್ಲಿ ಕೆಂಡದ ಒಲೆ, ಅಡ್ಡಕ್ಕೆ ಕತ್ತರಿಸಿದರೆ ಹೂವಿನ ಕುಂಡ, ಬಡಿದು ಚಪ್ಪಟೆ ಮಾಡಿದರೆ ಕೋಳಿಗೂಡಿನ ಮಾಡು. ಮಸಿನಗುಡಿ ಕಡೆ ಆನೆ ಓಡಿಸಲು ಬಡಿಯುತ್ತಾರೆ. ಅಲ್ಲಿಂದ ಬಂದ ನಮ್ಮ ವಾಚ್‌ಮನ್ ಹೇಳುವ ಪ್ರಕಾರ ಒಂದು ಆನೆ ಹೆದರುವ ಬದಲು ಬ್ಯಾರಲ್ಲನ್ನೇ ಉರುಳಿಸಿಕೊಂಡು ಹೋಗಿ, ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ತಂದಿಟ್ಟಿತ್ತಂತೆ. ಯಾಕೆ ತಂದಿಟ್ಟಿತು ಎಂದು ಕೇಳಿದರೆ ಅವನು ದನಿ ತಗ್ಗಿಸಿ, "ಅದು ಆನೆಯಾ ಅಂತಲೇ ಗೊತ್ತಿಲ್ಲ ಸಾರ್" ಎನ್ನುತ್ತಾನೆ. ನಾನು ನಗುತ್ತಿದ್ದೆ. ಈಚೆಗೆ ಅಷ್ಟು ನಗುವುದಿಲ್ಲ.

ಬ್ಯಾರಲ್ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೊಳೆಯುವುದು ಇದು. ನಮ್ಮ ಕಡೆ ಯಾರೂ ಬ್ಯಾರಲ್ಲನ್ನು ಬ್ಯಾರಲ್ಲಿಗೋಸ್ಕರ ತರುವುದಿಲ್ಲ. ಅದು ಯಾವುದನ್ನೋ ಹೊತ್ತುಕೊಂಡು ಬರುತ್ತದೆ. ಒಳಗಿದ್ದದ್ದು ಮುಗಿದ ಮೇಲೆ ನಾವು ಅದನ್ನು ಮನೆಯೊಳಗೆ ಸೇರಿಸಿಕೊಳ್ಳುತ್ತೇವೆ. ಎಂದರೆ, ಒಳಗಿದ್ದದ್ದು ಹೋದ ಮೇಲೆಯೇ ಅದರ ಬಾಳು ಶುರು.

ನಮ್ಮ ಮನೆಯ ಹಿಂಬದಿ ಜಗುಲಿಯಲ್ಲಿ ಮೂರು ಇವೆ. ಎರಡು ನೀಲಿ ಪ್ಲಾಸ್ಟಿಕ್‌ನವು, ಒಂದು ಕಬ್ಬಿಣದ್ದು. ಕಬ್ಬಿಣದ್ದು ಅಪ್ಪ ಫ್ಯಾಕ್ಟರಿಯಿಂದ ತಂದು, ಒಳಗೆ ಹುಲ್ಲು ಸುಟ್ಟು ಎಣ್ಣೆ ವಾಸನೆ ಓಡಿಸಿ, ಸಿಮೆಂಟು ಬಳಿದು ಅವ್ವನಿಗೆ ಕೊಟ್ಟದ್ದು. ಬೇಸಿಗೆಯಲ್ಲಿ ನಮ್ಮ ಮನೆಸಾಲಿಗೆ ನಲ್ಲಿ ನೀರು ವಾರಕ್ಕೊಮ್ಮೆ. ಆದ್ದರಿಂದ ನೀರು ಎಷ್ಟಿದೆ ಎಂಬುದು ಮನೆಯ ಮುಖ್ಯ ವಾರ್ತೆ. ಅವ್ವ ಮುಚ್ಚಳ ತೆಗೆಯುತ್ತಿರಲಿಲ್ಲ. "ಮುಚ್ಚಳ ತಗುದ್ರೆ ಮಂಜು ಒಳಕ್ಕೆ ಓಯ್ತದೆ ಕಣ, ನೀರು ಕೊರೀತದೆ" ಎನ್ನುವಳು. ಬೆರಳಿನಲ್ಲಿದ್ದ ದಪ್ಪ ಬೆಳ್ಳಿ ಉಂಗುರದಿಂದ ಮೇಲಿನಿಂದ ಕೆಳಕ್ಕೆ ಮೂರು ಸಲ ತಟ್ಟುವಳು. ಟಣ್, ಟಣ್, ಡಬ್. ಡಬ್ ಎಂದ ಕಡೆ ನೀರು. ಕೂಡಲೇ ತೀರ್ಪು: "ಮೂರ್ ದಿವ್ಸಕ್ಕೆ ಆಯ್ತದೆ." ಒಮ್ಮೆಯೂ ತಪ್ಪಿದ್ದಿಲ್ಲ. ನನ್ನ ಹೆಂಡತಿ ಗಿರಿಜ ಮೈಸೂರಿನವಳು, ನಲ್ಲಿ ತಿರುಗಿಸಿದರೆ ನೀರು ಬರುವ ಊರಿನವಳು. ಅವಳಿಗೆ ಈ ತಟ್ಟಾಟ ಮೊದಲಿನಿಂದಲೂ ಆಗುತ್ತಿರಲಿಲ್ಲ. "ಬೆಳಿಗ್ಗೆ ಬೆಳಿಗ್ಗೆ ಏನತ್ತೆ ಇದು, ತಲೆಗೇ ಬಡಿದ ಹಾಗಾಗತ್ತೆ. ಸಾಕು ಮಾಡಿ" ಎಂದು ಒಂದು ದಿನ ಅಂದುಬಿಟ್ಟಳು. ಅವ್ವ ಒಳಗೆ ಹೋದಳು. ಅದೇ ವಾರ ಆಸ್ಪತ್ರೆ, ಅಲ್ಲಿಂದ ಅವ್ವ ವಾಪಸು ಬರಲಿಲ್ಲ. ನರ್ಸು ಉಂಗುರ ಬಿಚ್ಚಿ ನನ್ನ ಕೈಗಿಟ್ಟಳು. ಕಳೆದುಹೋದೀತೆಂದು ಕಿರುಬೆರಳಿಗೆ ತುರುಕಿಕೊಂಡೆ. ಊಟಿಯ ಚಳಿಗೆ ಬೆರಳು ಊದಿ ಅದು ಅಲ್ಲೇ ಕೂತಿತು.

ಈ ಬೇಸಿಗೆಯಲ್ಲಿ, ಅವ್ವ ಹೋಗಿ ವರ್ಷ ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ನಾನು ಹಿತ್ತಲಿನಿಂದ ಒಳಗೆ ಬಂದಾಗ ಗಿರಿಜ ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದಳು. ಹಾಲು ಉಕ್ಕಿ ಹರಿಯುತ್ತಿತ್ತು. "ಕೇಳಿಸ್ತಾ?" ಎಂದಳು. ಏನು ಎಂದೆ. "ಅತ್ತೆ ತಟ್ಟಿದ್ರು. ಮೂರು ಸಲ."

ನಾನು ವಿಚಾರವಾದಿ. ರಾತ್ರಿಯೆಲ್ಲ ತಣಿದ ಕಬ್ಬಿಣಕ್ಕೆ ಬಿಸಿಲು ತಾಗಿದರೆ ಹಿಗ್ಗಿ ಸದ್ದು ಮಾಡುತ್ತದೆ, ಸ್ಟೋರಿನ ಖಾಲಿ ಬ್ಯಾರಲ್‌ಗಳೂ ಹಾಗೆಯೇ ಡಂ ಎನ್ನುತ್ತವೆ ಎಂದು ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಗಿರಿಜ ಕಿಟಕಿ ತೋರಿಸಿದಳು. ಹೊರಗೆ ಬಿಸಿಲು ಎಲ್ಲಿತ್ತು? ಎದುರುಮನೆಯೇ ಇಲ್ಲದಂತೆ ಮಂಜು ಕವಿದಿತ್ತು. ಜಗುಲಿಗೆ ಹೋಗಿ ನೋಡಿದೆ. ಬ್ಯಾರಲ್ಲಿನ ಮೈಮೇಲೆ ಇಬ್ಬನಿ ಬೆವರಿನ ಹಾಗೆ ಕೂತಿತ್ತು. ಅದರಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಕಡೆ, ಗೆಣ್ಣಿನ ಅಳತೆಗೆ, ಇಬ್ಬನಿ ಒರೆಸಿಹೋಗಿತ್ತು. ಅದನ್ನು ಗಿರಿಜಳಿಗೆ ಹೇಳಲಿಲ್ಲ, ಟವೆಲ್ಲಿನಿಂದ ಪೂರ್ತಿ ಒರೆಸಿಬಿಟ್ಟೆ.

ಆಮೇಲೆ ದಿನಾ ಅದೇ. ಗಿರಿಜ ಆ ಬ್ಯಾರಲ್ಲಿನ ನೀರು ಮುಟ್ಟುವುದನ್ನು ಬಿಟ್ಟಳು. ನಲ್ಲಿಗೆ ಇನ್ನೂ ಐದು ದಿನವಿರುವಾಗ ನೀಲಿ ಡ್ರಮ್ಮುಗಳು ತಳ ಕಂಡವು. ಬಟ್ಟೆ ಒಗೆಯುವುದು ನಿಂತಿತು. ಅವಳ ಊಟವೂ ಕಮ್ಮಿಯಾಯಿತು. "ನಾನು ಸಾಕು ಮಾಡಿ ಅಂದೆನಲ್ಲ, ಅದಕ್ಕೇ ಬರ್ತಾರೆ" ಎಂದು ಒಂದು ದಿನ ಅತ್ತೇಬಿಟ್ಟಳು. ಕೊನೆಗೆ, ಭಾನುವಾರ ಗುಜರಿಯವನನ್ನು ಕರೆಸಿ ಆ ಬ್ಯಾರಲ್ ಕೊಟ್ಟುಬಿಡಬೇಕು, ಇಲ್ಲದಿದ್ದರೆ ತಾನು ಮೈಸೂರಿಗೆ ಹೋಗುತ್ತೇನೆ ಎಂದಳು. ಅಪ್ಪನ ಕೈಕೆಲಸ, ಅವ್ವನ ದಿನಚರಿ ಎರಡೂ ಉಳಿದದ್ದು ಅದೊಂದರಲ್ಲೇ. ಆದರೆ ಹೆಂಡತಿಯ ಮುಖ ನೋಡಿದರೆ ಇಲ್ಲ ಎನ್ನಲೂ ಆಗಲಿಲ್ಲ.

ವಿಚಿತ್ರವೆಂದರೆ ನನಗೆ ಮಾತ್ರ ಒಂದು ದಿನವೂ ಆ ಸದ್ದು ಕೇಳಿಸಲಿಲ್ಲ. ಇದು ಗಿರಿಜಳ ಮನಸ್ಸಿನ ಭ್ರಮೆ ಎಂದು ಸಾಬೀತು ಮಾಡಲು ಪಕ್ಕದ ಮನೆಯ ಸೆಲ್ವಂನನ್ನು ಕೇಳಿದೆ. ತರಕಾರಿ ಮಂಡಿಯಲ್ಲಿ ಕೆಲಸ, ನಮ್ಮದೂ ಅವನದೂ ಒಂದೇ ಗೋಡೆ. ಅವ್ವನನ್ನು ತಮಿಳಿನಲ್ಲಿ ಪಾಟಿ, ಎಂದರೆ ಅಜ್ಜಿ, ಎಂದೇ ಕರೆಯುತ್ತಿದ್ದವನು.

"ಹೌದು ಸಾರ್, ದಿನಾ ತಟ್ಟುತ್ತೆ ಪಾಟಿ" ಎಂದ, ಬಸ್ಸು ದಿನಾ ಬರುತ್ತೆ ಎನ್ನುವಷ್ಟು ಸಲೀಸಾಗಿ. "ಅದನ್ನ ಕೇಳಿ ತಾನೇ ನಾನು ಏಳೋದು. ಫೋನಲ್ಲಿ ಅಲಾರಂ ತೆಗೆದುಬಿಟ್ಟೆ."

"ನಿನಗೆ ಹೆದರಿಕೆ ಇಲ್ಲವೇನಪ್ಪಾ?"

"ಏನು ಭಯ ಸಾರ್, ನಮ್ಮ ಪಾಟಿ ತಾನೇ! ಹೋದ ವಾರ ನೀವೊಬ್ಬರೇ ಕೊಯಮತ್ತೂರಿಗೆ ಹೋಗಿದ್ರಲ್ಲ, ಆ ಎರಡು ದಿನವೂ ಸರಿಯಾದ ಟೈಮಿಗೆ ತಟ್ಟಿತು. ಸ್ವಲ್ಪ ಮೆಲ್ಲಗೆ."

ಮೆಲ್ಲಗೆ ಎಂಬ ಆ ಮಾತು ನನ್ನ ವಿಚಾರವಾದದ ಬುಡಕ್ಕೇ ಬಿಸಿನೀರು ಬಿಟ್ಟಿತು. ಮರುದಿನ ಬೆಳಗಾಗುವ ಮೊದಲೇ ಎದ್ದು, ಮಂಕಿ ಕ್ಯಾಪ್ ಏರಿಸಿ, ಕಂಬಳಿ ಹೊದ್ದು, ಬ್ಯಾರಲ್ಲಿನ ಎದುರು ಸ್ಟೂಲ್ ಹಾಕಿ ಕೂತೆ. ಮಂಜು ಜಗುಲಿಯೊಳಕ್ಕೆ ಬಂದು ನನ್ನ ಮೊಣಕಾಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಬ್ಯಾರಲ್ಲೂ ಮಾಯವಾಯಿತು. ಬ್ಯಾರಲ್ ಇರಬೇಕಾದ ಜಾಗದಲ್ಲಿ ಅವ್ವನ ಎತ್ತರದ್ದೊಂದು ಕಪ್ಪು ಮಾತ್ರ ನಿಂತಿತ್ತು. "ಅವ್ವಾ" ಎಂದು ಕರೆಯಬೇಕೆನ್ನಿಸಿತು, ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. ಎರಡು ದಿನ ಹೀಗೇ ಕೂತೆ. ಎರಡೂ ದಿನ ಸದ್ದಿಲ್ಲ, ಇಬ್ಬನಿಯ ಮೇಲೆ ಗುರುತೂ ಇಲ್ಲ. ಸೆಲ್ವಂ ಎರಡು ದಿನವೂ ಕೆಲಸಕ್ಕೆ ತಡವಾಗಿ ಹೋದ.

ಭಾನುವಾರ ಬಂತು. ಗುಜರಿಯವನು ಒಂಬತ್ತಕ್ಕೆ ಬರುವವನಿದ್ದ. ಕಾಯುವುದಕ್ಕೂ ಮನಸ್ಸಾಗದೆ ನಾನು ಎಂದಿನಂತೆ ಕಿವಿ ಮುಚ್ಚುವ ಹಾಗೆ ಕ್ಯಾಪ್ ಎಳೆದುಕೊಂಡು, ಬಾಯಲ್ಲಿ ಬ್ರಷ್ ಇಟ್ಟುಕೊಂಡು, ಅರೆಗಣ್ಣಿನಲ್ಲಿ ಹಿತ್ತಲಿಗೆ ಹೊರಟೆ.

"ರೀ" ಎಂದು ಹಿಂದಿನಿಂದ ಗಿರಿಜಳ ದನಿ. ಆ ದನಿಗೆ ನನ್ನ ಚಳಿಯೆಲ್ಲ ಬಿಟ್ಟುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಾಡಬೇಡಿ. ನಿಮ್ಮ ಕೈ ನೋಡ್ಕೊಳ್ಳಿ."

ನೋಡಿದೆ. ನನ್ನ ಬಲಗೈ ಬ್ಯಾರಲ್ಲಿನ ಮೇಲಿತ್ತು. ಬೆರಳು ಮಡಚಿದ್ದವು, ಕಿರುಬೆರಳಲ್ಲಿ ಅವ್ವನ ಉಂಗುರ. ಇಬ್ಬನಿಯಲ್ಲಿ ಮೂರು ಹೊಸ ಗುರುತುಗಳಿಂದ ನೀರು ಇಳಿಯುತ್ತಿತ್ತು.

"ನಾನು ತಟ್ಟಿಲ್ಲ" ಎಂದೆ, ಬಾಯ ತುಂಬ ಪೇಸ್ಟು.

"ತಟ್ಟಿದ್ರಿ. ತಟ್ಟಿ, 'ಮೂರ್ ದಿವ್ಸಕ್ಕೆ ಆಯ್ತದೆ' ಅಂದ್ರಿ. ಅತ್ತೆ ದನೀಲೇ ಅಂದ್ರಿ ಕಣ್ರೀ."

ನನಗೆ ನೆನಪೇ ಇರಲಿಲ್ಲ, ಈಗಲೂ ಇಲ್ಲ. ಇಬ್ಬರೂ ಸೇರಿ ಮುಚ್ಚಳ ತೆಗೆದು ನೋಡಿದೆವು. ನೀರು ಸರಿಯಾಗಿ ಮೂರು ದಿನಕ್ಕಾಗುವಷ್ಟಿತ್ತು. ಗಿರಿಜ ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗುಜರಿಯವನಿಗೆ ಬಿರುಕು ಬಿಟ್ಟ ನೀಲಿ ಡ್ರಮ್ ಒಂದನ್ನು ಕೊಟ್ಟು ಕಳಿಸಿದೆವು.

ಕಾಫಿ ಕುಡಿಯುವಾಗ ನನಗೆ ನೆನಪಾಯಿತು. "ಹಾಗಾದರೆ ನಾನು ಕೊಯಮತ್ತೂರಲ್ಲಿದ್ದಾಗ?"

ಗಿರಿಜ ಲೋಟದಿಂದ ತಲೆ ಎತ್ತಲಿಲ್ಲ. "ನಾನೇ ತಟ್ಟಿದ್ದು, ಬಳೇಲಿ. ಆ ಎರಡು ದಿನವೂ ಬೆಳಿಗ್ಗೆ ಎಷ್ಟು ಕಾದರೂ ಸದ್ದಿಲ್ಲ. ಕೇಳಿಸಿದ್ರೆ ಹೆದರಿಕೆ ಆಗ್ತಿತ್ತು, ನಿಜ. ಕೇಳಿಸದೇ ಇದ್ದಾಗ, ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಪೂರ್ತಿ ಹೋಗೇಬಿಟ್ರಾ ಅನ್ನಿಸ್ತು. ತಡ್ಕೊಳ್ಳಕ್ಕಾಗಲಿಲ್ಲ."

ಈಗ ನಾವಿಬ್ಬರೂ ರಾಜಾರೋಷವಾಗಿ ತಟ್ಟುತ್ತೇವೆ. ಹಿತ್ತಲಿಗೆ ಹೋಗುವಾಗ ನಾನೊಮ್ಮೆ, ಹಾಲು ಕಾಯಿಸಿ ಬಂದು ಅವಳೊಮ್ಮೆ. ಬೇಕೆಂದು ತಟ್ಟಿದರೆ ನನಗೆ ನೀರೆಷ್ಟಿದೆ ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ, ಅದು ಬೇರೆ ವಿಷಯ. ಮೊನ್ನೆ ಸೆಲ್ವಂ ಬೇಲಿಯ ಹತ್ತಿರ ನಿಂತು ಆಕಳಿಸುತ್ತಾ ದೂರು ಹೇಳಿದ. "ಏನು ಸಾರ್, ಈಗ ದಿನಾ ಬಿಟ್ಟು ಬಿಟ್ಟು ಮೂರು ಸಲ ಏಳಿಸುತ್ತೆ ಪಾಟಿ? ಒಂದು ಸಲ ಸಾಕು ಅಂತ ಹೇಳಿ."

ಎರಡು ಸಲ ಇರಬೇಕು, ನೀನು ನಿದ್ದೆಗಣ್ಣಿನಲ್ಲಿ ತಪ್ಪಾಗಿ ಎಣಿಸಿದ್ದೀಯ ಎಂದು ಅವನಿಗೆ ಕಬ್ಬಿಣ ಹಿಗ್ಗುವ ಉಪನ್ಯಾಸವನ್ನೇ ಮತ್ತೊಮ್ಮೆ ಕೊಟ್ಟೆ. ಒಳಗೆ ಬಂದು, ನೀನು ಎರಡು ಸಲ ತಟ್ಟುತ್ತೀಯಾ ಎಂದು ಗಿರಿಜಳನ್ನು ಕೇಳಬೇಕೆಂದುಕೊಂಡೆ. ಅವಳೂ ನನ್ನನ್ನು ಏನೋ ಕೇಳುವವಳಂತೆ ಸೌಟು ಹಿಡಿದು ನಿಂತಿದ್ದಳು. ಇಬ್ಬರೂ ಕೇಳಲಿಲ್ಲ. ಬೆಳಿಗ್ಗೆ ನಾನು ಈಗ ಮಂಕಿ ಕ್ಯಾಪನ್ನು ಕಿವಿಯ ಮೇಲೆ ಇನ್ನೂ ಒಂದಿಂಚು ಕೆಳಗೆ ಎಳೆದುಕೊಳ್ಳುತ್ತೇನೆ, ಚಳಿ ಜಾಸ್ತಿಯಾಗಿದೆ ಎಂದು ಹೇಳಿಕೊಂಡು.