ತೊಟ್ಟಿಲು ಗಾಡಿಯ ನಾಲ್ಕನೇ ಗಾಲಿ

ನಾನು ಸುಮ್ಮನೆ ಗಾಡಿ ಓಡಿಸಿಕೊಂಡಿದ್ದರೂ ಪೇಚಾಟಗಳು ತಾವಾಗಿಯೇ ಹತ್ತಿ ಕೂರುತ್ತಿದ್ದವು, ಅದೂ ಬಾಡಿಗೆ ಕೊಡದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಮೋಟಾರ್ ಸೈಕಲ್ ಒಂದನ್ನು ಕೊಂಡಿದ್ದೆ. ಅದರ ಪಕ್ಕಕ್ಕೆ ಒಬ್ಬರು ಕೂರುವಂಥ ಡಬ್ಬಿ, ಆ ಡಬ್ಬಿಗೊಂದು ಗಾಲಿ. ಮದ್ದೂರಿನ ಜನ ಅದನ್ನು ತೊಟ್ಟಿಲು ಗಾಡಿ ಎಂದರು. ರೈಲು ಇಳಿದವರನ್ನು ಅವರವರ ಊರಿಗೆ ಮುಟ್ಟಿಸುವುದು ನನ್ನ ಕಸುಬು.

ಕಳೆದುಹೋದ ಗಾಲಿ

ಒಂದು ಸಂಜೆ ಮಳವಳ್ಳಿಗೆ ಹೊರಟ ಅಜ್ಜನೊಬ್ಬನನ್ನು ತೊಟ್ಟಿಲಲ್ಲಿ ಕೂರಿಸಿಕೊಂಡಿದ್ದೆ. ಇಳಿಬಿಸಿಲಿಗೆ ಕಬ್ಬಿನ ಸೂಲಂಗಿ ಹೂ ಬೆಳ್ಳಗೆ ತೂಗುತ್ತಿತ್ತು. ಅಂಥ ಹೊತ್ತಲ್ಲಿ ನನಗೆ ಕಣ್ಣು ತೆರೆದೇ ಕನಸು ಬೀಳುತ್ತದೆ. ದಾರಿಯಲ್ಲಿ ನೀರು ಕುಡಿಯಲು ನಿಲ್ಲಿಸಿ ತಿರುಗಿ ನೋಡಿದರೆ ಅಜ್ಜ ಇಲ್ಲ. ಬಂದ ದಾರಿಯಲ್ಲೇ ಬಗ್ಗಿಕೊಂಡು, ಬೇಲಿಯ ಸಂದಿಯಲ್ಲಿ ಹುಡುಕುತ್ತ ಹೋಗುತ್ತಿದ್ದಾನೆ. ಓಡಿಹೋಗಿ ಏನು ಬಿತ್ತೆಂದು ಕೇಳಿದೆ.

"ನಿನ್ ಗಾಡೀಲಿ ಮೂರೇ ಗಾಲಿ ಅವೆ, ಒಂದು ಉದುರೋಗದೆ ಕಣ್ಲಾ. ನಿದ್ದೇಲಿ ಓಡುಸ್ತಿದ್ದೋನ್ಗೆ ಏನ್ ಗೊತ್ತಾದದು?"

ಅಜ್ಜಿಯ ಷರತ್ತು

ಆ ಕನಸುಗಳಲ್ಲಿ ಇದ್ದವಳು ಬೆಸಗರಹಳ್ಳಿಯ ಹುಡುಗಿ. ಒಮ್ಮೆ ಗಾಡಿ ಕೆಟ್ಟು ನಿಂತಾಗ ಅವರ ಜಗಲಿಯಲ್ಲಿ ಕೂತು ನೀರು ಕುಡಿದಿದ್ದೆ. ಅಂದಿನಿಂದ ಗಾಡಿ ಅವರ ಮನೆ ಮುಂದೆಯೇ ಕೆಡತೊಡಗಿತು. ಅವಳು ಸಿಗದಿದ್ದರೆ ನನಗೆ ಬೇರೆ ಮದುವೆಯೇ ಬೇಡವಾಗಿತ್ತು.

ಸೋದರಮಾವನನ್ನು ಕರೆದುಕೊಂಡು ಹೋಗಿ ಹೆಣ್ಣು ಕೇಳಿಸಿದೆ. ಹುಡುಗಿಯ ಅಜ್ಜಿ ಎಲ್ಲದಕ್ಕೂ ಒಪ್ಪಿದರು. ಕಳಿಸಿಕೊಡಲು ಹೊರಗೆ ಬಂದವರು ಗಾಡಿ ನೋಡಿ ನಿಂತುಬಿಟ್ಟರು. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದು, ಹೋಗಲೇಬೇಕಾದರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು ಇಟ್ಟುಕೊಂಡು ಹೋಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಅಜ್ಜಿ ಅದನ್ನು ಗಾಲಿಗೂ ಹಚ್ಚಿದರು.

"ಮೂರ್ ಗಾಲಿ ಮೇಲ್ ಬರೋ ಗಂಡಿಗೆ ನಮ್ಮ ಎಣ್ಣ ಕೊಡಾಕಿಲ್ಲ ಕಣಪ್ಪ. ನಾಕು ಮಾಡ್ಕಂಡು ಬಾ."

ಇನ್ಸ್‌ಪೆಕ್ಟರ ಷರತ್ತು

ತೊಟ್ಟಿಲ ಹಿಂದಕ್ಕೆ ಒಂದು ಸೈಕಲ್ ಗಾಲಿ ಕೂರಿಸಿ ಮಂಡ್ಯಕ್ಕೆ ಒಯ್ದೆ. ಮೋಟಾರ್ ಇನ್ಸ್‌ಪೆಕ್ಟರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದರು. ಮೂರು ಗಾಲಿಯಾದರೆ ಮೋಟಾರ್ ಸೈಕಲ್, ನಾಲ್ಕಾದರೆ ಕಾರು, ನನ್ನ ಲೈಸೆನ್ಸು ಮೋಟಾರ್ ಸೈಕಲ್ಲಿಗೆ ಮಾತ್ರ ಎಂದರು. ಗಾಲಿಯನ್ನು ಗೇಣುದ್ದ ಮೇಲೆತ್ತಿ ಕಟ್ಟಿದೆ. ನೆಲ ಮುಟ್ಟದಿದ್ದರೆ ಅದು ಗಾಲಿಯಲ್ಲ, ಲಗೇಜು ಎಂದು ಒಪ್ಪಿದರು. ಖುಷಿಯಿಂದ ಬೆಸಗರಹಳ್ಳಿಗೆ ಹೋದರೆ ಅಜ್ಜಿ ಗಾಲಿಯ ಕೆಳಗೆ ಕೈಯಾಡಿಸಿ, ನೆಲ ಮುಟ್ಟದ್ದು ಎಲ್ಲಿಯ ಗಾಲಿ ಎಂದರು.

ಕೊನೆಗೆ ಗಾಲಿಗೊಂದು ಹಗ್ಗ ಕಟ್ಟಿದೆ. ಮಂಡ್ಯದಲ್ಲಿ ಎಳೆದರೆ ಮೋಟಾರ್ ಸೈಕಲ್, ಬೆಸಗರಹಳ್ಳಿಯಲ್ಲಿ ಬಿಟ್ಟರೆ ಕಾರು.

ನಾಲ್ಕನೆಯವರು

ಹೆಣ್ಣು ನೋಡುವ ದಿನ ಸೋದರಮಾವನನ್ನು ಹಿಂದೆ ಕೂರಿಸಿಕೊಂಡು, ಅವಳನ್ನೇ ನೆನೆಯುತ್ತ ಹೊರಟೆ. ಆ ಗುಂಗಿನಲ್ಲಿ ಮದ್ದೂರಿನಲ್ಲೇ ಹಗ್ಗ ಸಡಿಲ ಬಿಟ್ಟು ಗಾಲಿಯನ್ನು ನೆಲಕ್ಕಿಳಿಸಿಬಿಟ್ಟಿದ್ದೆ. ಊರು ದಾಟುವಾಗ ಎದುರಿಗೆ ಇನ್ಸ್‌ಪೆಕ್ಟರು. ಗಾಲಿ ಬಿಚ್ಚಿಸಿ ಹೊಂಗೆ ಮರದಡಿ ಇಡಿಸಿದರು. ಗಾಡಿ ಮೂರೇ ಗಾಲಿಯಲ್ಲಿ ಓಡುವುದನ್ನು ಕಣ್ಣಾರೆ ನೋಡಬೇಕೆಂದು ತೊಟ್ಟಿಲಲ್ಲಿ ತಾವೇ ಕೂತರು. ಕೆಳಗೆ ಮೂರು ಗಾಲಿ, ಮೇಲೆ ಮೂರು ಜನ. ನನಗೆ ಅಳುವೇ ಬಂತು. ಮಾವ ಬೇರೆ ದಾರಿ ಕಾಣದೆ ಅಜ್ಜಿಯ ಕಥೆಯೆಲ್ಲ ಹೇಳಿದರು.

ಇನ್ಸ್‌ಪೆಕ್ಟರು ಬೆಸಗರಹಳ್ಳಿ ಕಾಣುವಾಗ ನಿಲ್ಲಿಸಲು ಹೇಳಿ ಇಳಿದುಹೋದರು. ಒಂದು ಗುಂಡುಕಲ್ಲು ತಂದು ತೊಡೆಯ ಮೇಲಿಟ್ಟುಕೊಂಡು ಕೂತರು. ಮಾವನ ಬಾಯಿ ಸುಮ್ಮನಿರಬೇಕಲ್ಲ.

"ಸ್ವಾಮಿ, ಇದು ಪ್ಯಾಸೆಂಜರೋ, ಲಗೇಜೋ?"

"ಪ್ಯಾಸೆಂಜರು. ನಡೀರಿ."

ಗಾಡಿ ನೋಡಿ ಅಜ್ಜಿ ಮುಖ ಗಂಟು ಹಾಕಿಕೊಂಡರು. ಇನ್ಸ್‌ಪೆಕ್ಟರು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು, ಚಾಪೆಯ ಮೇಲೆ ನಮ್ಮ ಸಾಲಿನಲ್ಲೇ ಕೂರಿಸಿದರು. ಅಜ್ಜಿ ನಮ್ಮನ್ನು ಎಣಿಸಿದರು. "ಗಾಲಿ ಮೂರಾದ್ರೇನು, ಬಂದೋರು ನಾಕ್ ಜನ. ಆಗ್ಲಿ ಬುಡು" ಎಂದು ಕಾಫಿ ತರಲು ಹೇಳಿದರು. ಹುಡುಗಿ ತಲೆ ಎತ್ತದೆ ಬಂದು ಮೊದಲ ಲೋಟವನ್ನು ಕಲ್ಲಿನ ಮುಂದಿಟ್ಟಳು.

ಮದುವೆಯಾಗಿ ಇಷ್ಟು ವರ್ಷವಾದರೂ, ಜಗಳ ಬಂದಾಗಲೆಲ್ಲ ಅವಳದು ಅದೇ ಮಾತು: "ಅವತ್ತು ಬಂದಿದ್ದ ನಾಕ್ ಜನದಲ್ಲಿ ಬಾಯ್ ಮುಚ್ಕಂಡು ಕೂತಿದ್ದೋನು ಅವನೊಬ್ನೇ. ನಾನು ಅವನ್ನೇ ಮಾಡ್ಕಬೇಕಾಗಿತ್ತು."