ಕಳೆದ ವರ್ಷವನ್ನು ಕಳೆಯುವ ಕ್ರಮ

ಕಳೆದ ವರ್ಷದ ರಾಜ್ಯಮಟ್ಟದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ನೂರಕ್ಕೆ ನೂರು, ಈ ವರ್ಷವೂ ನೂರಕ್ಕೆ ನೂರು ತೆಗೆದ ಆರನೇ ತರಗತಿಯ ಹುಡುಗಿಯೊಬ್ಬಳು ಈ ಅವಧಿಯಲ್ಲಿ ಏನೇನೂ ಕಲಿತಿಲ್ಲವೆಂಬುದನ್ನು ನಮ್ಮ ಬೆಳವಣಿಗೆ ಮಾಪನ ಕಚೇರಿಯು ಖಚಿತಪಡಿಸಿಕೊಂಡಿದೆ. ನಿಯಮ ಸ್ಪಷ್ಟವಾಗಿದೆ: ಈ ವರ್ಷದ ಅಂಕದಲ್ಲಿ ಕಳೆದ ವರ್ಷದ ಅಂಕವನ್ನು ಕಳೆಯತಕ್ಕದ್ದು, ಉಳಿದದ್ದೇ ಬೆಳವಣಿಗೆ. ಉಳಿದದ್ದು ಸೊನ್ನೆ. ಕಚೇರಿಯ ಗುಮಾಸ್ತನಾದ ನಾನೇ ಮೂರು ಸಲ ಕಳೆದು ನೋಡಿದ್ದೇನೆ. ಆಮೇಲೆ ಯಾರೂ ನಮ್ಮ ಮೇಲೆ ಗೂಬೆ ಕೂರಿಸುವುದು ಬೇಡ.

ಅದೇ ತರಗತಿಯ ಇನ್ನೊಬ್ಬ, ಹೋದ ವರ್ಷ ಜ್ವರ ಬಂದು ಅರ್ಧಕ್ಕೇ ಎದ್ದುಹೋಗಿ ನಾಲ್ಕು ಅಂಕ ಪಡೆದಿದ್ದವನು, ಈ ಸಲ ಮೂವತ್ತೊಂದು ಪಡೆದ. ಬೆಳವಣಿಗೆ ಇಪ್ಪತ್ತೇಳು. ಅವನ ಮನೆಗೆ ಪ್ರಶಸ್ತಿಪತ್ರ ಹೋಯಿತು. ಹುಡುಗಿಯ ಮನೆಗೆ ನೋಟೀಸು ಹೋಯಿತು: ಬೆಳವಣಿಗೆ ಇಲ್ಲದ ಮಗುವನ್ನು ಏಳನೇ ತರಗತಿಗೆ ಹತ್ತಿಸಲಾಗುವುದಿಲ್ಲ.

ಅವಳನ್ನು ಶಾಲೆಯಲ್ಲಿ ಎಲ್ಲರೂ ಕರೆಯುವುದು ನೂರಮ್ಮ ಅಂತ. ತಾಯಿ ಬಟ್ಟೆ ಹೊಲಿಯುವವರು. ನೋಟೀಸು ಹಿಡಿದು, ಮಗಳನ್ನೂ ಎಳೆದುಕೊಂಡು, ಅಳತೆ ಟೇಪು ಕೊರಳಲ್ಲಿದ್ದ ಹಾಗೇ ಕಚೇರಿಗೆ ಬಂದುಬಿಟ್ಟರು.

"ಸಾರ್, ನನ್ನ ಮಗಳು ಬೆಳೆದಿಲ್ಲ ಅಂತ ಬರೆದಿದೀರ. ಈ ವರ್ಷ ಎರಡು ಸಲ ಯೂನಿಫಾರಂ ಅಂಚು ಬಿಚ್ಚಿದೀನಿ ನಾನು."

"ಅದು ಬೇರೆ ಇಲಾಖೆ ನೋಡಮ್ಮ," ಎಂದರು ನಮ್ಮ ಸಾಹೇಬರು. "ನೂರು ತೆಗೆದೋಳಿಗೆ ಇನ್ನು ಬೆಳೆಯೋಕೆ ಜಾಗ ಎಲ್ಲಿದೆ? ಹೋದ ವರ್ಷಾನೇ ಅಷ್ಟು ಅವಸರ ಮಾಡಬಾರದಿತ್ತು."

"ಏಳನೇ ಕ್ಲಾಸಿಗೆ ಹೋಗ್ಬೇಕು ಅಂತ ಹಟ ಹಿಡಿದಿದಾಳೆ ಸಾರ್. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

ಸಾಹೇಬರು ಕರುಣಾಳು. ನಿಯಮ ಹದಿನಾಲ್ಕರಲ್ಲಿ ಮರುಪರೀಕ್ಷೆಗೆ ಅವಕಾಶವಿರುವುದನ್ನು ಅವರೇ ಹುಡುಕಿ ತೆಗೆದರು. ಮರುಪರೀಕ್ಷೆಯ ಅಂಕವನ್ನೇ ಕಳೆದ ವರ್ಷದ ಅಂಕವೆಂದು ಭಾವಿಸತಕ್ಕದ್ದು. ಅಂದರೆ ಅದರಲ್ಲಿ ಎಷ್ಟು ಕಡಿಮೆಯೋ ಅಷ್ಟು ಬೆಳವಣಿಗೆ. ಖಾಲಿ ಹಾಳೆ ಕೊಟ್ಟರೆ ಗೈರುಹಾಜರಿ. ಆದ್ದರಿಂದ ತಪ್ಪನ್ನು ಬರೆದೇ ತೋರಿಸಬೇಕು.

ಮರುಪರೀಕ್ಷೆ ನಡೆಯಿತು. ಹುಡುಗಿ ನೂರು ತೆಗೆದಳು.

"ಏನಮ್ಮ ಇದು?" ಎಂದು ಗದರಿದೆ.

"ತಪ್ಪು ಬರೆಯೋಣ ಅಂತಾನೇ ಕೂತಿದ್ದೆ ಅಂಕಲ್. ಕೈ ಮಾತು ಕೇಳಲಿಲ್ಲ," ಎಂದು ಅತ್ತಳು. ನನ್ನ ಕರುಳು ಚುರುಕ್ ಎಂದಿತು. ಆದರೆ ಕರುಳಿಗೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.

ಶಾಲೆಯ ಲೆಕ್ಕದ ಮೇಷ್ಟ್ರಿಗೆ ಆದೇಶ ಹೊರಟಿತು: ಸದರಿ ವಿದ್ಯಾರ್ಥಿನಿಗೆ ಒಂದು ತಿಂಗಳು ಇಳಿಕೆ ತರಗತಿ ನಡೆಸತಕ್ಕದ್ದು.

"ಹದಿನೆಂಟು ವರ್ಷದಿಂದ ಕಲಿಸ್ತಾ ಇದೀನಿ ಸಾರ್," ಎಂದರು ಮೇಷ್ಟ್ರು. "ಕಲಿಸಿದ್ದನ್ನ ಕಿತ್ತುಹಾಕೋದು ನನಗೆ ಬರಲ್ಲ."

"ಬರದಿದ್ರೆ ಕಲೀರಿ," ಎಂದರು ಸಾಹೇಬರು. "ಅದನ್ನ ನಿಮ್ಮ ಬೆಳವಣಿಗೆ ಅಂತ ಬರ್ಕೋತೀವಿ."

ಮೇಷ್ಟ್ರು ಕಲಿತರು. ದಿನಾ ಸಂಜೆ ನಾಲ್ಕರಿಂದ ಐದರವರೆಗೆ, ಬೆಂಚುಗಳೆಲ್ಲ ಖಾಲಿಯಾದ ಕೊಠಡಿಯಲ್ಲಿ ಇಬ್ಬರೂ ಎದುರುಬದುರು ಕೂತು "ಎರಡೆರಡ್ಲ ಐದು, ಎರಡ್ಮೂರ್ಲ ಒಂಬತ್ತು" ಎಂದು ಮಗ್ಗಿ ಹೇಳುವುದು. ತಪಾಸಣೆಗೆ ಹೋದಾಗ ಕಿಟಕಿಯ ಹೊರಗೆ ನಿಂತು ಕೇಳಿದೆ. ಮೇಷ್ಟ್ರು ಒಂದೆರಡು ಸಲ ಬಾಯಿತಪ್ಪಿ ಸರಿ ಹೇಳಿಬಿಟ್ಟರು. ಹುಡುಗಿಯೇ ತಿದ್ದಿದಳು.

ಎರಡನೇ ಮರುಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಅಚ್ಚುಕಟ್ಟಾದ ಸೊನ್ನೆ. ಬೆಳವಣಿಗೆ ನೂರು, ಇಡೀ ರಾಜ್ಯಕ್ಕೇ ಮೊದಲು. ಏಳನೇ ತರಗತಿಗೆ ಹತ್ತಿಸಲಾಯಿತು. ಸಾಹೇಬರು ಕಚೇರಿಗೆಲ್ಲ ಟೀ ತರಿಸಿದರು. ಬರುವ ವರ್ಷದಿಂದ ಎಲ್ಲ ಶಾಲೆಗಳಲ್ಲೂ ಇಳಿಕೆ ತರಗತಿ ಕಡ್ಡಾಯವೆಂದು ಸುತ್ತೋಲೆಯೂ ಹೊರಟಿತು. ಜಾಣ ಮಕ್ಕಳ ತಂದೆತಾಯಿಗಳು ಈಗಲೇ ಸಾಲು ನಿಂತಿದ್ದಾರೆ.

ಸನ್ಮಾನದ ದಿನ ಮುಖ್ಯ ಅತಿಥಿಗಳು ಹುಡುಗಿಗೆ ಪ್ರಶಸ್ತಿಪತ್ರ ಕೊಟ್ಟು, ತಲೆ ಸವರಿ, ಮೈಕಿನಲ್ಲೇ ಕೇಳಿದರು: "ಎಲ್ಲಿ, ಏಳೆಂಟ್ಲ ಎಷ್ಟು ಹೇಳು ಪುಟ್ಟಿ?"

ಹುಡುಗಿ ಅವರ ಮುಖ ನೋಡಿದಳು.

"ಯಾವ ಪರೀಕ್ಷೆಗೆ ಸಾರ್?"

ಅತಿಥಿಗಳಿಗೆ ತುಂಬ ಸಂತೋಷವಾಯಿತು. ಇಂಥ ಚುರುಕು ಬುದ್ಧಿಯನ್ನು ತಾವು ನೋಡಿಯೇ ಇಲ್ಲವೆಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ತಾಯಿ ಕಣ್ಣೊರೆಸಿಕೊಂಡು ಅವರೂ ತಟ್ಟಿದರು. ನನ್ನ ಪಕ್ಕ ಕೂತಿದ್ದ ಲೆಕ್ಕದ ಮೇಷ್ಟ್ರು ಮಾತ್ರ ತಮ್ಮಷ್ಟಕ್ಕೇ "ಐವತ್ತಾರು" ಎಂದರು.

"ಸುಮ್ನಿರಿ ಮೇಷ್ಟ್ರೇ, ಯಾರಾದ್ರೂ ಕೇಳಿಸ್ಕೊಂಡಾರು," ಎಂದೆ.

ಆಮೇಲೆ ಅವರೂ ಚಪ್ಪಾಳೆ ತಟ್ಟಿದರು.