ಥೀಟಾ ಬಳಗದವರ ಹೆಗಲು

ಸಾವಿನ ಮನೆಯಲ್ಲಿ ನಗಬಾರದು. ಗೊತ್ತಿದೆ. ಆದರೂ ಹೆಗಲು ಕೊಡುವ ಕೆಲಸಕ್ಕೆ ಇಳಿದ ಮೇಲೆ ಒಂದಿಲ್ಲೊಂದು ಪ್ರಸಂಗ ನಡೆದೇ ನಡೆಯುತ್ತದೆ. ನಗು ತಡೆದುಕೊಳ್ಳುವುದೇ ಅರ್ಧ ಕೆಲಸ. ಉಳಿದರ್ಧ ಅಳು ತಡೆದುಕೊಳ್ಳುವುದು.

ಆಂಧ್ರದ ಗಡಿಯ ಆದೋನಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಕೊರೊನಾ ಕಾಲದಲ್ಲಿ ಅಪ್ಪ ಹೋದಾಗ ಹೆಗಲು ಕೊಡಲು ಯಾರೂ ಬರಲಿಲ್ಲ. ಗಾಡಿಯ ಹಿಂದೆ ನಾನೊಬ್ಬನೇ ಹೋದೆ. ಆ ಸಂಕಟ ಇನ್ನೂ ಆರಿಲ್ಲ. ಬೇರೆಯವರಿಗೆ ಹಾಗಾಗಬಾರದೆಂದು, ಡಿಗ್ರಿಯಲ್ಲಿ ಜೊತೆಗೆ ಗಣಿತ ಓದಿದ ಗೆಳೆಯರನ್ನು ಸೇರಿಸಿ ಬಳಗವೊಂದನ್ನು ಕಟ್ಟಿದೆ. ಜನ ಇಲ್ಲದ ಮನೆಗೆ ಹೋಗಿ ಹೆಗಲು ಕೊಡುವುದು, ಅಷ್ಟೇ ಕೆಲಸ. ಆದರೆ ಜನ ನಂಬಿ ಕರೆಯಬೇಕಲ್ಲ!

ಯಾರ ಪೈಕಿ?

ದೇವರ ಹೆಸರಿಟ್ಟರೆ ಜಾತಿ ಅನ್ನುತ್ತಾರೆ, ನಾಯಕರ ಹೆಸರಿಟ್ಟರೆ ಪಾರ್ಟಿ ಅನ್ನುತ್ತಾರೆ. ನಮ್ಮೊಳಗೆ ಎಲ್ಲ ಥರದವರೂ ಇದ್ದೆವು. ಅದಕ್ಕೇ ನಮ್ಮ ಮೇಷ್ಟ್ರು ಬೋರ್ಡಿನ ತುಂಬ ಬರೆಯುತ್ತಿದ್ದ ಗ್ರೀಕ್ ಅಕ್ಷರವನ್ನೇ ಇಟ್ಟುಕೊಂಡೆವು: ಥೀಟಾ ಬಳಗ. ಇದಕ್ಕೆ ಯಾರೂ ತಕರಾರು ತೆಗೆಯಲಾರರು ಎಂದು ಬೀಗಿದೆವು.

ಅಂಗಡಿಯ ಮುಂದೆ ತೂಗುಹಾಕಿದ ಬೋರ್ಡು ನೋಡಿ ಓಣಿಯ ಹಿರಿಯರೊಬ್ಬರು ನಿಂತರು. "ಥೀಟಾ ಅಂದ್ರ ಯಾರ ಪೈಕಿಪಾ?"

"ಅದು ಗ್ರೀಕರ ಅಕ್ಷರ ರೀ, ಅಜ್ಜಾರ."

ಅವರು ಗಲ್ಲ ಕೆರೆದುಕೊಂಡರು. "ಗ್ರೀಕರಾ? ನಮ್ಮೋರು ಅವರ ಮನಿಗೆ ಹೆಣ್ಣು ಕೊಡೂದು ತರೂದು ಐತೇನು?"

ಕುಂತು ಹೋಗೋರು

ಬಹಳ ದಿನ ಕಾದ ಮೇಲೆ ಕೌತಾಳಂ ಕಡೆಯಿಂದ ಮೊದಲ ಕರೆ ಬಂತು. ಹತ್ತಿ ವ್ಯಾಪಾರದ ಶೈವರ ಮನೆ. ಗಂಡುಮಕ್ಕಳಿಲ್ಲ, ಇರುವವನು ಅಳಿಯನೊಬ್ಬನೇ. ನಾವು ಹುರುಪಿನಿಂದ ಬಿದಿರಿನ ಚಟ್ಟ ಕಟ್ಟಿಕೊಂಡು ಹೋಗಿ ಅಂಗಳದಲ್ಲಿ ಇಳಿಸಿದೆವು. ಅಳುತ್ತಿದ್ದವರೆಲ್ಲ ಚಟ್ಟವನ್ನೇ ನೋಡಿದರು. ಆ ಮನೆಯವರು ಸತ್ತವರನ್ನು ಕುರ್ಚಿಯಂಥ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ ಒಯ್ಯುವವರು. ಗಡಿಬಿಡಿಯಲ್ಲಿ ನಾವು ಕೇಳಿಯೇ ಇರಲಿಲ್ಲ.

ಅಳಿಯ ಸಿಡುಕಿದ: "ನಮ್ಮೋರು ಕುಂತು ಹೋಗೋರು ರೀ! ಮಲಗಿಸಿ ಒಯ್ಯಾಕ ಮಾವಾರಿಗೇನು ಜ್ವರ ಬಂದೈತೇನು?"

ನಮಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ, ಸತ್ತ ಗಂಡನ ಪಕ್ಕದಲ್ಲಿ ಅಳುತ್ತ ಕುಳಿತಿದ್ದ ಹೆಂಡತಿ ತಲೆಯೆತ್ತಿದರು. "ಜೀವಮಾನ ಪೂರ್ತಿ ಮಲಗೇ ಕಳದಾರ. ಇವತ್ತರ ಕುಂದ್ರಸ್ರಿ!"

ಹಾಗೆಂದವರೇ ನಕ್ಕರು, ನಕ್ಕವರೇ ಇನ್ನಷ್ಟು ಅತ್ತರು.

ನಡಿಗೆ

ಆಮೇಲೆ ನಮ್ಮಲ್ಲೊಂದು ಕಟ್ಟಳೆ ಮಾಡಿಕೊಂಡೆವು. ಕಾರ್ಯ ಮುಗಿದ ಮೇಲೆ ಆ ಮನೆಗೆ ಮತ್ತೆ ಹೋಗಿ, ನಮ್ಮಿಂದ ಏನು ತಪ್ಪಾಯಿತು ಎಂದು ಕೇಳಬೇಕು. ಏನೇ ಅಂದರೂ ಎದುರು ಮಾತಾಡಬಾರದು.

ಚಿಪ್ಪಗಿರಿಯ ಹತ್ತಿರ ಕುರಿ ಸಾಕುವವರ ಮನೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ಮಜ್ಜಿಗೆ ಕೊಟ್ಟು ಹೇಳಿದರು, "ಭಾಳ ಜೋರ ನಡದ್ರಿ. ಅಂವ ಕುರಿ ಹಿಂದ ಮೆಲ್ಲಕ ನಡದಾಂವ. ಕಡೀ ದಿನ ಅವನ್ನ ಓಡಿಸಿಬಿಟ್ರಿ."

ನನ್ನ ಗೆಳೆಯ ಕಟ್ಟಳೆ ಮರೆತ. "ಬಿಸಿಲು ಇತ್ತಲ್ಲ ರೀ, ಅವ್ವಾರ."

"ಬಿಸಿಲು ನಿಮಗಿತ್ತಪ್ಪಾ. ಅವನಿಗೆಲ್ಲಿತ್ತು?"

ಅಂದಿನಿಂದ ನಮ್ಮ ನಡಿಗೆ ನಿಧಾನವಾಯಿತು. ಎಷ್ಟು ನಿಧಾನವೆಂದರೆ, ಮುಂದಿನ ಮನೆಯವರು ದಾರಿಯಲ್ಲೇ ಗದರಿದರು: "ಹೋಗೋರಿಗೆ ಮನಸಿದ್ರೂ ಒಯ್ಯೋರಿಗೆ ಮನಸಿಲ್ಲಲ್ರೀ!"

ಎತ್ತಿ ನೋಡ್ರಿ

ಇಷ್ಟಾದರೂ ನಮ್ಮ ಓಣಿಯವರು ಮಾತ್ರ ನಮ್ಮನ್ನು ಕರೆಯುತ್ತಿರಲಿಲ್ಲ. ಅಪ್ಪನಿಗೆ ಯಾರೂ ಬಾರದ ಓಣಿ ಇದೇ. ಇಲ್ಲೇ ನಂಬಿಕೆ ಹುಟ್ಟದಿದ್ದರೆ ಬಳಗ ಯಾತಕ್ಕೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಓಣಿಯಲ್ಲಿ ಕಾಯಿಲೆ ಬಿದ್ದ ಶೈವರ ಮನೆಯ ಅವ್ವ ಒಬ್ಬರಿದ್ದರು. ಅವರ ಮಗ ತೆಲುಗು ಬೆರೆಸಿ ನನಗೆ ನೇರವಾಗಿಯೇ ಹೇಳಿದ್ದ: "ಚೂಡು ತಮ್ಮಾ, ಹೊರಗಿನೋರ ಹೆಗಲು ನಮಗ ಬ್ಯಾಡ."

ಆ ಅವ್ವ ಹೋದಾಗ ಮೊದಲ ಫೋನು ನನಗೇ ಬಂತು, ಅದೇ ಮಗನಿಂದ; ಅವ್ವನೇ ಹಾಗೆ ಹೇಳಿ ಹೋಗಿದ್ದರಂತೆ. ಹೆಗಲ ಮೇಲೆ ಅವ್ವನನ್ನು ಹೊತ್ತಾಗ ನಾನು ಅಪ್ಪನಿಗಾಗಿಯೂ ಅತ್ತೆ. ಆದರೆ ಆಕೆಯನ್ನು ನೆನೆದರೆ ಆ ದಿನಕ್ಕಿಂತ ಮೊದಲು ಕಣ್ಣಿಗೆ ಬರುವುದು ಅವರು ಬದುಕಿದ್ದಾಗಿನ ಇನ್ನೊಂದು ದಿನ.

ಅಂದು ಅವರು ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು, ಕೌತಾಳಂನ ಪಾಠದ ನಂತರ ನಾವು ಮಾಡಿಸಿದ್ದ ವಿಮಾನದ ಕುರ್ಚಿ ತೋರಿಸು ಎಂದರು. ತೋರಿಸಿದೆ. ಕುಳಿತೇಬಿಟ್ಟರು!

"ಬೆನ್ನಿಗೆ ಆಸರ ಇಲ್ಲ. ಎಡಕ್ಕ ವಾಲತೈತಿ. ಇಷ್ಟು ಮಂದಿನ್ನ ಒಯ್ದೀರಿ, ಯಾರೂ ಹೇಳಲಿಲ್ಲೇನು?"

ಹೇಳುವ ಸ್ಥಿತಿಯಲ್ಲಿ ಯಾರಿದ್ದರು!

"ಎತ್ತಿ ನೋಡ್ರಿ," ಎಂದರು. ಬೇಡವೆಂದರೂ ಕೇಳಲಿಲ್ಲ. ನಾವು ನಾಲ್ವರು ಗೆಳೆಯರು ಹೆಗಲಿಗೇರಿಸಿ ಓಣಿಯಲ್ಲಿ ಎರಡು ಹೆಜ್ಜೆ ಇಟ್ಟೆವು. ಅವ್ವ ದಣಿದು ಕಣ್ಣು ಮುಚ್ಚಿದ್ದರು. ಅಷ್ಟೇ ಸಾಕಾಯಿತು. ನಳದ ನೀರಿಗಾಗಿ ವರ್ಷಗಟ್ಟಲೆ ಅವರೊಡನೆ ಜಗಳವಾಡಿದ್ದ ಎದುರು ಮನೆಯಾಕೆ ಕೊಡ ಬಿಸಾಡಿ, ಎದೆ ಬಡಿದುಕೊಳ್ಳುತ್ತ ಓಡಿ ಬಂದರು.

"ಅಯ್ಯೋ ನನ್ನಕ್ಕಾ! ನಿನ್ನ ಬೆನ್ನ ಹಿಂದ ಏನೇನು ಅಂದೆ ನಾನು! ಏನೇನು ಅಂದೆ!"

ಅವ್ವ ಮೇಲಿನಿಂದ ಒಂದು ಕಣ್ಣು ತೆರೆದರು.

"ಬಿಡಿಸಿ ಹೇಳವಾ. ಇನ್ನೂ ಕಿವಿ ಕೇಳತಾವ."